ಜಿಮ್‌ಗೆ ಟ್ರೈನರ್ ಆರಿಸುವಾಗ ಏನು ನೋಡಬೇಕು?

ಓದುಗರ ಪ್ರಶ್ನೆ: ದಾವಣಗೆರೆಯಲ್ಲಿ ಹದಡಿ ರಸ್ತೆ ಹತ್ತಿರ ಜಿಮ್ ತೆರೆಯುತ್ತಿದ್ದೇನೆ. ಮೆಷಿನ್‌ಗಳಿಗೆ ಆರ್ಡರ್ ಕೊಟ್ಟಾಗಿದೆ. ಈಗ ಟ್ರೈನರ್‌ಗಳು ಬೇಕು, ರಿಸೆಪ್ಷನ್‌ಗೆ ಒಬ್ಬರು ಬೇಕು. ಕೆಲಸ ಕೇಳಿಕೊಂಡು ಬರುವವರೆಲ್ಲ ಕಟ್ಟುಮಸ್ತಾಗಿದ್ದಾರೆ, ಸರ್ಟಿಫಿಕೇಟೂ ತೋರಿಸುತ್ತಾರೆ. ಯಾರು ಸರಿ ಅಂತ ಗೊತ್ತುಮಾಡಿಕೊಳ್ಳುವುದು ಹೇಗೆ?

ಉತ್ತರ: ಕುರ್ಚಿಯಲ್ಲಿ ಕೂರಿಸಿ ಸಂದರ್ಶನ ಮಾಡಿದರೆ ಗೊತ್ತಾಗುವುದಿಲ್ಲ. ಜೀವನದಲ್ಲಿ ಡಂಬೆಲ್ ಮುಟ್ಟದ ಒಬ್ಬರನ್ನು ಅವರಿಗೆ ಒಪ್ಪಿಸಿ, ಅರ್ಧ ಗಂಟೆ ದೂರ ನಿಂತು ನೋಡಿ. ಅದಕ್ಕೆ ಮೊದಲು ಎಷ್ಟು ಜನ, ಯಾವ ಹೊತ್ತಿಗೆ ಬೇಕು ಅನ್ನುವ ಲೆಕ್ಕ ಮುಗಿಸಿಕೊಳ್ಳಿ.

ಜಿಮ್ ತುಂಬುವುದು ಬೆಳಿಗ್ಗೆ ಐದೂವರೆಯಿಂದ ಒಂಬತ್ತೂವರೆ, ಸಂಜೆ ಐದರಿಂದ ಒಂಬತ್ತೂವರೆ. ಒಬ್ಬರೇ ಎರಡೂ ಹೊತ್ತು ನಿಂತರೆ ದಿನಕ್ಕೆ ಎಂಟೂವರೆ ಗಂಟೆ, ಆರು ದಿನಕ್ಕೆ 51 ಗಂಟೆ. ಕಾನೂನಿನ ವಾರಕ್ಕೆ 48 ಗಂಟೆಯ ಮಿತಿ ಅಲ್ಲೇ ದಾಟಿತು. ಜೊತೆಗೆ ನಸುಕಿನಲ್ಲಿ ಎದ್ದು ರಾತ್ರಿ ಹತ್ತಕ್ಕೆ ಮನೆ ಸೇರುವ ಕೆಲಸದಲ್ಲಿ ಯಾರೂ ಬಹಳ ದಿನ ನಿಲ್ಲುವುದಿಲ್ಲ. ರಶ್ ಹೊತ್ತಿನಲ್ಲಿ 15ರಿಂದ 20 ಜನಕ್ಕೆ ಒಬ್ಬ ಟ್ರೈನರ್ ಅಂತ ಇಟ್ಟುಕೊಳ್ಳಿ. ಏಕಕಾಲಕ್ಕೆ 35 ಜನ ಬರುವ ಜಾಗವಾದರೆ ಬೆಳಿಗ್ಗೆ ಇಬ್ಬರು, ಸಂಜೆ ಬೇರೆ ಇಬ್ಬರು. ಮನೆಗೆಲಸ ಮುಗಿಸಿ ಹತ್ತರಿಂದ ಹನ್ನೆರಡರವರೆಗೆ ಬರುವ ಹೆಂಗಸರಿಗೆ ಮಹಿಳಾ ಟ್ರೈನರ್ ಬೇಕೇ ಬೇಕು. ಅಲ್ಲಿ ಪೂರ್ಣಾವಧಿಯ ಒಬ್ಬರಿಗಿಂತ ಅರೆಕಾಲಿಕ ಇಬ್ಬರು ಮೇಲು. ಒಬ್ಬರು ರಜೆ ಹಾಕಿದ ದಿನ ಬ್ಯಾಚೇ ನಿಂತುಹೋಗಬಾರದು.

ಮನೆ ಎಲ್ಲಿದೆ ಅನ್ನುವುದನ್ನೂ ಕೇಳಿ. ಬೆಳಗಿನ ಪಾಳಿ ನಿಟುವಳ್ಳಿ, ವಿದ್ಯಾನಗರದ ಕಡೆಯವರಿಗೆ ಕೊಡಿ. ಹರಿಹರದಿಂದ ಬಸ್ಸು ಹಿಡಿದು ಬರುವವರು ಎಷ್ಟೇ ಒಳ್ಳೆಯವರಾದರೂ ಸಂಜೆ ಪಾಳಿಗೇ ಸರಿ. ಐದೂವರೆಗೆ ಬಂದ ಸದಸ್ಯ ಮುಚ್ಚಿದ ಶಟರ್ ಮುಂದೆ ನಾಲ್ಕು ದಿನ ನಿಂತರೆ ಮುಂದಿನ ತಿಂಗಳ ಫೀಸು ಬರುವುದಿಲ್ಲ. ಬೀಗದ ಕೈ ಇಬ್ಬರ ಹತ್ತಿರ ಇರಲಿ.

ಸರ್ಟಿಫಿಕೇಟ್ ವಿಷಯ ಬೇಗ ಮುಗಿಯುತ್ತದೆ. ಎಸಿಇ, ಎಸಿಎಸ್‌ಎಂ ಥರದ ಅಮೆರಿಕದ ಫಿಟ್‌ನೆಸ್ ಸಂಸ್ಥೆಗಳ ಪ್ರಮಾಣಪತ್ರಗಳಿಗೆ ಅವಧಿ ಇರುತ್ತದೆ, ನವೀಕರಿಸಬೇಕು. ಕಾಗದದ ಮೇಲಿನ ನಂಬರ್ ಹಾಕಿ ಸಂಸ್ಥೆಯ ವೆಬ್‌ಸೈಟ್‌ನಲ್ಲೇ ಪರಿಶೀಲಿಸಿ. ಬಾಡಿಬಿಲ್ಡಿಂಗ್ ಸ್ಪರ್ಧೆಯ ಪದಕ ಸ್ವಂತ ಮೈ ಬೆಳೆಸಿದ್ದಕ್ಕೆ ಸಾಕ್ಷಿ, ಕಲಿಸಲು ಬರುತ್ತದೆ ಅನ್ನುವುದಕ್ಕಲ್ಲ. ಬಿ.ಪಿ.ಎಡ್ (ದೈಹಿಕ ಶಿಕ್ಷಣದ ಪದವಿ) ಮಾಡಿದವರನ್ನು ಹುಡುಕಿ. ನಮ್ಮೂರಿನ ಗರಡಿಗಳಲ್ಲಿ ಪಳಗಿದ ಹುಡುಗರನ್ನೂ ಬಿಡಬೇಡಿ. ಹೊತ್ತಿಗೆ ಸರಿಯಾಗಿ ಬರುವುದು, ಹಿರಿಯರೊಂದಿಗೆ ಮರ್ಯಾದೆಯಿಂದ ನಡೆದುಕೊಳ್ಳುವುದು ಅವರಿಗೆ ರೂಢಿಯಾಗಿರುತ್ತದೆ. ಆದರೆ ಪೈಲ್ವಾನರಿಗೆ ಒಗ್ಗಿದ ಕಸರತ್ತು ನಲವತ್ತೈದರ ಅಂಗಡಿ ಮಾಲೀಕರಿಗೆ ಒಗ್ಗುವುದಿಲ್ಲ. ಆ ವ್ಯತ್ಯಾಸ ಕಲಿಯಲು ಮನಸ್ಸಿದೆಯೇ ಅಂತ ನೋಡಬೇಕು.

ಈಗ ಆ ಅರ್ಧ ಗಂಟೆ. ಆರೋಗ್ಯವಾಗಿರುವ, ವ್ಯಾಯಾಮದ ಅಭ್ಯಾಸವಿಲ್ಲದ ಪರಿಚಯದವರೊಬ್ಬರನ್ನು ಒಪ್ಪಿಸಿ ಕರೆತನ್ನಿ. ಟ್ರೈನರ್ ಮೊದಲು ಬಾಯಲ್ಲಿ ಕೆಲಸ ಮಾಡಬೇಕು: ಬಿಪಿ ಮಾತ್ರೆ ಇದೆಯೇ, ಶುಗರ್ ಇದೆಯೇ, ಮಂಡಿನೋವು, ಸೊಂಟನೋವು, ಆಪರೇಷನ್ ಏನಾದರೂ ಆಗಿದೆಯೇ? ಏನೂ ಕೇಳದೆ ಟ್ರೆಡ್‌ಮಿಲ್ ಹತ್ತಿಸಿದರೆ ಅಲ್ಲಿಗೇ ನಿಲ್ಲಿಸಬಹುದು. ಟ್ರೆಡ್‌ಮಿಲ್ ಮೇಲೆ ಕೆಂಪು ಸೇಫ್ಟಿ ಕ್ಲಿಪ್ ಬಟ್ಟೆಗೆ ಸಿಕ್ಕಿಸಿದರೇ ಅನ್ನುವುದನ್ನೂ ಗಮನಿಸಿ.

ಸ್ಕ್ವಾಟ್, ಅಂದರೆ ಮಂಡಿ ಮಡಚಿ ಕೂತು ಏಳುವ ವ್ಯಾಯಾಮ, ಹೇಳಿಕೊಡಲು ಹೇಳಿ. ಹೊಸಬರ ಹಿಮ್ಮಡಿ ಮೇಲೇಳುತ್ತದೆ, ಮಂಡಿ ಒಳಕ್ಕೆ ಬಾಗುತ್ತದೆ. “ಬೆನ್ನು ನೇರ, ಎದೆ ಮೇಲೆ, ಮಂಡಿ ಹೊರಗೆ, ಹೊಟ್ಟೆ ಬಿಗಿ” ಅಂತ ಒಂದೇ ಉಸಿರಿಗೆ ಹೇಳುವವರ ಮುಂದೆ ಎದುರಿಗಿದ್ದವರು ಕಂಗಾಲಾಗಿ ನಿಂತುಬಿಡುತ್ತಾರೆ. ಬಲ್ಲವರು ಹಿಂದೆ ಒಂದು ಬೆಂಚ್ ಇಟ್ಟು “ಕೂತು ಏಳಿ ಸಾಕು” ಅನ್ನುತ್ತಾರೆ, ಅದು ಸರಿಯಾದ ಮೇಲೆ ಇನ್ನೊಂದು ಮಾತು. ತೂಕದಲ್ಲೂ ಅಷ್ಟೇ. ಒಲಿಂಪಿಕ್ ರಾಡ್ ಪ್ಲೇಟ್ ಇಲ್ಲದೆಯೇ 20 ಕೆ.ಜಿ. ಮೊದಲ ದಿನವೇ ಅದನ್ನು ಹೆಗಲಿಗೇರಿಸುವವರು ಬೇಡ. ಎರಡೂವರೆ ಅಥವಾ ಐದು ಕೆ.ಜಿ. ಡಂಬೆಲ್‌ನಿಂದ ಶುರು ಮಾಡುವವರು ಬೇಕು. ಮೊದಲ ದಿನ ಕಾಲಿಗೆ ಹತ್ತಾರು ಸೆಟ್ ಹೊಡೆಸಿದರೆ ಮರುದಿನ ಮೆಟ್ಟಿಲು ಇಳಿಯಲಾಗುವುದಿಲ್ಲ, ಎರಡನೇ ವಾರ ಆ ಸದಸ್ಯರ ಸುಳಿವೇ ಇರುವುದಿಲ್ಲ. “ಬೆವರಿಳಿಸುವ” ಟ್ರೈನರ್‌ನಿಂದ ಜಿಮ್‌ಗೆ ಆಗುವ ನಿಜವಾದ ನಷ್ಟ ಇದೇ.

ಬೆಂಚ್ ಪ್ರೆಸ್‌ನಲ್ಲಿ (ಬೆಂಚ್ ಮೇಲೆ ಮಲಗಿ ರಾಡ್ ಎತ್ತುವುದು) ರಾಡ್‌ನ ಎರಡೂ ತುದಿಗೆ ಲಾಕ್ ಹಾಕಿದರೇ, ತಲೆಯ ಹಿಂದೆ ನಿಂತು ಸಪೋರ್ಟ್ ಕೊಟ್ಟರೇ, ಆ ಹೊತ್ತಿನಲ್ಲಿ ಕಣ್ಣು ಮೊಬೈಲ್ ಮೇಲಿತ್ತೇ, ಮೈ ಮುಟ್ಟಿ ತಿದ್ದುವ ಮೊದಲು ಕೇಳಿದರೇ, ಮುಗಿದ ಮೇಲೆ ಪ್ಲೇಟ್‌ಗಳನ್ನು ಸ್ಟ್ಯಾಂಡ್‌ಗೆ ಮರಳಿಸಿದರೇ? ಇಷ್ಟರಲ್ಲಿ ಮನುಷ್ಯ ಗೊತ್ತಾಗುತ್ತಾನೆ. ಒಪ್ಪಿಗೆಯಾದರೆ ಒಂದು ವಾರ ಸಂಬಳ ಕೊಟ್ಟೇ ಪ್ರಯೋಗಕ್ಕೆ ಇಟ್ಟುಕೊಳ್ಳಿ.

ಎರಡು ಪ್ರಶ್ನೆ ಎಲ್ಲರಿಗೂ ಕೇಳಿ. ಶುಗರ್ ಇರುವ ಸದಸ್ಯರೊಬ್ಬರು ನಡುಗುತ್ತ ಬೆವರುತ್ತಿದ್ದಾರೆ, ಏನು ಮಾಡುತ್ತೀರಿ? ಅದು ಶುಗರ್ ತೀರಾ ಇಳಿದ ಲಕ್ಷಣ, ಪ್ರಜ್ಞೆ ಇದ್ದರೆ ಕೂರಿಸಿ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಬೇಕು. ಕುಸಿದು ಬಿದ್ದು ಉಸಿರಾಡದಿದ್ದರೆ? 108ಕ್ಕೆ ಕರೆ ಮಾಡಿಸಿ ತಕ್ಷಣ ಸಿಪಿಆರ್: ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳಕ್ಕೆ ಎದೆ ಒತ್ತಬೇಕು. ಉತ್ತರ ಬಾರದಿದ್ದರೆ ಅಷ್ಟಕ್ಕೇ ತಿರಸ್ಕರಿಸಬೇಡಿ. ಬಾಗಿಲು ತೆರೆಯುವ ಮುನ್ನ ರಿಸೆಪ್ಷನ್‌ನವರನ್ನೂ ಸೇರಿಸಿ ಎಲ್ಲರಿಗೂ ತರಬೇತಿ ಕೊಡಿಸಿ.

ರಿಸೆಪ್ಷನ್‌ಗೆ ಚಂದದ ಮಾತಿಗಿಂತ ಹಾಜರಿ ಪುಸ್ತಕ ನೋಡುವ ಅಭ್ಯಾಸ ಮುಖ್ಯ. ಏಳು ದಿನ ಬಾರದವರಿಗೆ ಎಂಟನೇ ದಿನ ಫೋನ್ ಹೋಗಬೇಕು. ಫೀಸಿನ ಕ್ಯೂಆರ್ ಕೋಡ್ ಜಿಮ್ ಖಾತೆಯದ್ದೇ ಇರಲಿ. ಸಿಬ್ಬಂದಿಯ ಸ್ವಂತ ನಂಬರ್‌ಗೆ ಒಮ್ಮೆ ಹಣ ಹಾಕಿಸಿಕೊಂಡರೆ ಲೆಕ್ಕ ಮತ್ತೆ ಕೂಡಿಬರುವುದು ಕಷ್ಟ.

ಸಂಬಳದಲ್ಲಿ ಎಡವುವ ಜಾಗ ಪರ್ಸನಲ್ ಟ್ರೈನಿಂಗ್ ಪಾಲು, ಅಂದರೆ ಒಬ್ಬರಿಗೇ ಕಲಿಸಲು ಸದಸ್ಯರು ಬೇರೆಯಾಗಿ ಕೊಡುವ ಫೀಸಿನಲ್ಲಿ ಟ್ರೈನರ್‌ಗೆ ಸಿಗುವ ಪಾಲು. ಸಂಬಳ ಕಡಿಮೆ, ಪಾಲು ಜಾಸ್ತಿ ಇಟ್ಟರೆ ಟ್ರೈನರ್ ದುಡ್ಡು ಕೊಟ್ಟ ನಾಲ್ವರ ಹಿಂದೆಯೇ ಸುತ್ತುತ್ತಾರೆ, ಉಳಿದವರನ್ನು ಕೇಳುವವರಿಲ್ಲ. ಬದುಕಲು ಸಾಕಾಗುವ ಸಂಬಳ ಕೊಟ್ಟು, ರಶ್ ಹೊತ್ತಿನಲ್ಲಿ ಒಬ್ಬರಾದರೂ ಫ್ಲೋರ್ ಡ್ಯೂಟಿಗೇ (ಎಲ್ಲ ಸದಸ್ಯರನ್ನೂ ನೋಡಿಕೊಳ್ಳುವ ಕೆಲಸಕ್ಕೆ) ಮೀಸಲು ಅಂತ ಬರೆದಿಡಿ. ಪುಡಿ, ಮಾತ್ರೆ, ಇಂಜೆಕ್ಷನ್ ಯಾವುದನ್ನೂ ಸದಸ್ಯರಿಗೆ ಮಾರುವಂತಿಲ್ಲ, ಸ್ಟೀರಾಯ್ಡ್ ಮಾತೆತ್ತಿದರೆ ಅಂದೇ ಕೆಲಸ ಮುಗಿಯಿತು ಅನ್ನುವುದೂ ನೇಮಕಾತಿ ಪತ್ರದಲ್ಲಿರಲಿ. ಇದರಲ್ಲಿ ಸಲಿಗೆ ಬೇಡವೇ ಬೇಡ, ಹಾಳಾಗುವುದು ಇಪ್ಪತ್ತರ ಹುಡುಗರ ಲಿವರ್, ಹೃದಯ.

ಪೊಲೀಸ್ ಪರಿಶೀಲನಾ ಪತ್ರಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿಸಿ. ಸಿಬ್ಬಂದಿ 10 ಮುಟ್ಟಿದರೆ ಇಎಸ್‌ಐ (ನೌಕರರ ವಿಮೆ) ಬರುತ್ತದೆ, ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿಯೂ ರಚಿಸಬೇಕು. ಪಿಎಫ್ 20ಕ್ಕೆ.

“ಬಿಟ್ಟು ಹೋದ ಮೇಲೆ ಎರಡು ವರ್ಷ ದಾವಣಗೆರೆಯ ಬೇರೆ ಜಿಮ್‌ನಲ್ಲಿ ಕೆಲಸ ಮಾಡಬಾರದು” ಅಂತ ಷರತ್ತು ಬರೆಸುವ ಮಾಲೀಕರಿದ್ದಾರೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅದು ನಿಲ್ಲುವುದಿಲ್ಲ. ಅದರ ಬದಲು 30 ದಿನದ ನೋಟಿಸ್ ಹಾಕಿ, ಸದಸ್ಯರ ಆರೋಗ್ಯ ವಿವರ ಮತ್ತು ವರ್ಕೌಟ್ ಕಾರ್ಡ್ ಟ್ರೈನರ್‌ನ ಮೊಬೈಲ್‌ನಲ್ಲಲ್ಲ, ರಿಸೆಪ್ಷನ್‌ನ ಕಪಾಟಿನಲ್ಲಿ ಇರುವಂತೆ ನೋಡಿಕೊಳ್ಳಿ. ಯಾರೇ ಬಿಟ್ಟರೂ ಮರುದಿನ ಬೆಳಿಗ್ಗೆ ಇನ್ನೊಬ್ಬರು ಆ ಕಾರ್ಡ್ ತೆಗೆದುಕೊಂಡು ಮುಂದುವರಿಸಬಹುದು.