ಥಿನ್ನರ್ ಆವಿ ಎದೆಗಿಳಿದಾಗ

ಥಿನ್ನರ್ ಡಬ್ಬ ತೆರೆದ ಕೂಡಲೇ ಮೂಗಿಗೆ ಬಡಿಯುವ ವಾಸನೆ ನಮಗೆಲ್ಲ ಗೊತ್ತು. ಬಣ್ಣ ಬಳಿಯುವವರು, ಪ್ರಿಂಟಿಂಗ್ ಕೆಲಸದವರು, ಶೂಗಳಿಗೆ ಗಮ್ ಹಚ್ಚುವವರು ಅದನ್ನು ದಿನವಿಡೀ ಉಸಿರಾಡುತ್ತಾರೆ. ಟಾಲ್ವೀನ್, ಜೈಲೀನ್, ಹೆಕ್ಸೇನ್‌ನಂಥ ದ್ರಾವಕಗಳ ಆವಿ ಅದು. ಮೊದಲು ತಾಗುವುದು ಶ್ವಾಸಕೋಶಕ್ಕೇ, ಅಲ್ವಾ? ಆದರೂ ವೈದ್ಯರ ಗಮನ ಅಲ್ಲಿಗೆ ಹೋಗಿದ್ದು ತೀರಾ ತಡವಾಗಿ.

ರೋಗಿಗೆ ‘ನಿನ್ನ ಕೆಲಸ ಏನು?’ ಎಂದು ಕೇಳಿ ಅಂತ ಇಟಲಿಯ ವೈದ್ಯ ಬರ್ನಾರ್ಡಿನೊ ರಮಝೀನಿ 1700ರಲ್ಲೇ ಹೇಳಿದ್ದರು. 1856ರಲ್ಲಿ ಪ್ಯಾರಿಸ್‌ನ ಡೆಲ್ಪೆಶ್, ರಬ್ಬರ್ ಕಾರ್ಮಿಕರ ನರ ಮತ್ತು ಮನಸ್ಸು ಕೆಡುತ್ತಿರುವುದನ್ನು ಗುರುತಿಸಿದರು. ಅದಕ್ಕೆ ಕಾರಣ ಕಾರ್ಬನ್ ಡೈಸಲ್ಫೈಡ್. 1897ರಲ್ಲಿ ಸ್ವೀಡನ್ನಿನ ಸೈಕಲ್ ಟೈರ್ ಕಾರ್ಖಾನೆಯ ಹೆಣ್ಣುಮಕ್ಕಳಲ್ಲಿ ರಕ್ತವೇ ಸರಿಯಾಗಿ ತಯಾರಾಗುತ್ತಿರಲಿಲ್ಲ. ಅಲ್ಲಿ ಬೆಂಜೀನ್ ಅಸ್ಥಿಮಜ್ಜೆಯನ್ನು ಹಾಳು ಮಾಡಿತ್ತು. 1970ರ ದಶಕದಲ್ಲಿ ಸ್ಕ್ಯಾಂಡಿನೇವಿಯಾದ ಪೇಂಟರ್‌ಗಳ ಮರೆವು ದೊಡ್ಡ ಚರ್ಚೆಯಾಯಿತು. ನರ, ಮಜ್ಜೆ, ಮಿದುಳು. ಶ್ವಾಸಕೋಶವನ್ನು ಮಾತ್ರ ವಿಷ ಒಳಗೆ ಬರುವ ಬಾಗಿಲು ಎಂದಷ್ಟೇ ನೋಡಿದರು.

ಹಾಗಂತ ಉಪಕರಣ ಇರಲಿಲ್ಲ ಅಂತಲ್ಲ. ಇಂಗ್ಲೆಂಡಿನ ಜಾನ್ ಹಚಿನ್ಸನ್ 1846ರಲ್ಲೇ ಸ್ಪೈರೋಮೀಟರ್ ಬಗ್ಗೆ ಬರೆದು, ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರಿನ ಅಳತೆ ಕೊಟ್ಟಿದ್ದರು. ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ ಎಂಬ ಅಳತೆ 1947ರಲ್ಲಿ ಫ್ರಾನ್ಸಿನ ಟಿಫನೋ ಅವರಿಂದ ಬಂತು. ಇವತ್ತಿಗೂ ಇದೇ ಮುಖ್ಯ.

ರಕ್ತದ ಕಥೆ ಬೇರೆ ಕಡೆ ಸಾಗುತ್ತಿತ್ತು. 1930ರಲ್ಲಿ ನ್ಯೂಯಾರ್ಕ್‌ನಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಒಂದು ಪ್ರೋಟೀನ್ ಕಂಡರು. ನಾವೀಗ ಸಿಆರ್‌ಪಿ ಅನ್ನುವುದು ಅದನ್ನೇ. ದೇಹದಲ್ಲಿ ಉರಿಯೂತ ಇದ್ದಾಗ ಅದು ರಕ್ತದಲ್ಲಿ ಏರುತ್ತದೆ. ಅದನ್ನು ಹೆಚ್ಚು ತಯಾರಿಸು ಎಂದು ಯಕೃತ್ತಿಗೆ ಸಂದೇಶ ಕೊಡುವ ಇಂಟರ್‌ಲ್ಯೂಕಿನ್-6ರ ಜೀನ್ 1986ರಲ್ಲಿ ಜಪಾನಿನಲ್ಲಿ ಸಿಕ್ಕಿತು. 1990ರ ದಶಕದಲ್ಲಿ ಇನ್ನೊಂದು ದಾರಿ ತೆರೆಯಿತು. ಆಸ್ತಮಾ ಇರುವವರ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಜಾಸ್ತಿ ಇರುತ್ತದೆ ಎಂದು ತಿಳಿಯಿತು. ಅಂದರೆ ಉರಿಯೂತವನ್ನು ಸೂಜಿ ಚುಚ್ಚದೆಯೂ ಅಳೆಯಬಹುದು.

ಊದುವ ಗಾಳಿಯ ಅಳತೆ, ಉರಿಯೂತದ ಅಳತೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಳಗಿನ ಚಿತ್ರ ಸ್ವಲ್ಪ ತಿಳಿಯಾಗುತ್ತದೆ. ದ್ರಾವಕದ ಕೆಲಸವೇ ಜಿಡ್ಡನ್ನು ಕರಗಿಸುವುದು. ನಮ್ಮ ಜೀವಕೋಶಗಳ ಹೊದಿಕೆಯೂ ಜಿಡ್ಡಿನದೇ. ಆವಿ ತಾಗಿ ಶ್ವಾಸನಾಳದ ಒಳಪದರ ಕೆರಳಿದರೆ, ಅಲ್ಲಿನ ಕೋಶಗಳು ಇಂಟರ್‌ಲ್ಯೂಕಿನ್‌ಗಳನ್ನು ಬಿಟ್ಟು ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಆ ಕಣಗಳು ಕಾಪಾಡಲೆಂದೇ ಬರುತ್ತವೆ. ಆದರೆ ದಿನವೂ ಬರುವಂತಾದರೆ ಅಂಗಾಂಶಕ್ಕೇ ಪೆಟ್ಟು. ನಾಳ ದಪ್ಪಗಾಗಿ, ಗಾಳಿಯ ದಾರಿ ಕಿರಿದಾಗಬಹುದು.

ಆದರೂ ಸಿಆರ್‌ಪಿ ಹೆಚ್ಚಾದ ಮಾತ್ರಕ್ಕೆ ದ್ರಾವಕವೇ ಕಾರಣ ಎನ್ನುವಂತಿಲ್ಲ. ಸಿಗರೇಟು, ಬೊಜ್ಜು, ಸೋಂಕು, ಎಲ್ಲವೂ ಅದನ್ನು ಏರಿಸುತ್ತವೆ. ಸ್ಪ್ರೇ ಪೇಂಟಿನಲ್ಲಿ ದ್ರಾವಕದ ಜೊತೆ ಬಣ್ಣವನ್ನು ಗಟ್ಟಿಯಾಗಿಸುವ ಐಸೋಸಯನೇಟ್ ಎಂಬ ರಾಸಾಯನಿಕ ಕೂಡ ಇರಬಹುದು. ಅದು ಆಸ್ತಮಾ ತರುತ್ತದೆ ಎಂಬುದು ಖಚಿತ. ಇನ್ನೊಂದು ತೊಡಕೂ ಇದೆ. ಉಸಿರು ಕಟ್ಟುವವರು ಕೆಲಸ ಬಿಟ್ಟು ಹೋಗುತ್ತಾರೆ. ತಪಾಸಣೆಗೆ ಸಿಗುವವರು ಉಳಿದ ಗಟ್ಟಿಗರು.

ಅದಕ್ಕೇ ಒಬ್ಬರನ್ನು ಅವರದೇ ಹಳೆಯ ಅಳತೆಯ ಜೊತೆ ಹೋಲಿಸುವುದು ಮುಖ್ಯ ಅನ್ನುತ್ತೇನೆ. ಮೊದಲ ಸೆಕೆಂಡಿನಲ್ಲಿ ಊದುವ ಗಾಳಿಯಲ್ಲಿ ಅದೇ ವಯಸ್ಸು, ಎತ್ತರದವರ ಸರಾಸರಿಯನ್ನು 100 ಅಂತಿಟ್ಟುಕೊಂಡರೆ, ಸಾಮಾನ್ಯವಾಗಿ 80ರ ಮೇಲಿದ್ದವರನ್ನು ‘ನಾರ್ಮಲ್’ ಅನ್ನುತ್ತಾರೆ. ಕೆಲಸಕ್ಕೆ ಸೇರಿದಾಗ 115 ಇದ್ದವರು ಕೆಲವೇ ವರ್ಷಗಳಲ್ಲಿ 88ಕ್ಕೆ ಇಳಿದರೂ ವರದಿಯಲ್ಲಿ ‘ನಾರ್ಮಲ್’ ಅಂತಲೇ ಬರುತ್ತದೆ. ಸೇರಿದ ದಿನದ ಆ ಚೀಟಿ ಕೈಯಲ್ಲಿದ್ದರೆ ಮಾತ್ರ ಕಳೆದುಹೋದ ಉಸಿರು ಲೆಕ್ಕಕ್ಕೆ ಸಿಗುತ್ತದೆ.