ಆ ದೇಶದವರನ್ನೇ ಕರೆಸಿದರೆ ಸಾಕೇ? ವಿಡಿಯೋ ಗೇಮ್‌ಗಳ ಹುಸಿ ಆಕ್ಸೆಂಟ್ ಕುರಿತು

ಓದುಗರ ಪ್ರಶ್ನೆ: ಇಂಗ್ಲಿಷ್ ಗೇಮ್‌ಗಳಲ್ಲಿ ಭಾರತೀಯ, ರಷ್ಯನ್, ಆಫ್ರಿಕನ್ ಪಾತ್ರಗಳ ಮಾತು ಕೃತಕವಾಗಿ ಕೇಳಿಸುತ್ತದೆ. ಆಯಾ ದೇಶದ ಕಲಾವಿದರಿಂದಲೇ ಕಂಠದಾನ ಮಾಡಿಸಿದರೆ ಈ ತೊಂದರೆ ತೀರುವುದಿಲ್ಲವೇ?

ತೀರುವುದಿಲ್ಲ. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಪದೇ ಪದೇ ಬರುತ್ತಿದೆ. ಪ್ರತಿ ಸಲ ನಾಲ್ಕು ಸಾಲಿನಲ್ಲಿ ಉತ್ತರಿಸಿದ ಮೇಲೂ ಅದೇ ನಂಬಿಕೆ ಮತ್ತೆ ತಲೆಯೆತ್ತುವುದರಿಂದ ಈ ಬಾರಿ ವಿಸ್ತಾರವಾಗಿಯೇ ಬರೆಯುತ್ತೇನೆ.

ಮಾತು ಕೃತಕವಾಗುವ ಕಾರಣಗಳಲ್ಲಿ ಒಂದು ತೀರಾ ಸರಳವಾದದ್ದು. ಗೇಮ್‌ನ ಸಂಭಾಷಣೆಯನ್ನು ಕಲಾವಿದರು ಬಹಳ ಸಲ ಒಬ್ಬೊಬ್ಬರೇ ಮೈಕಿನ ಮುಂದೆ ನಿಂತು, ಎದುರು ಪಾತ್ರದ ಉತ್ತರವನ್ನೂ ಕೇಳಿಸಿಕೊಳ್ಳದೆ, ಎಕ್ಸೆಲ್ ಹಾಳೆಯಲ್ಲಿರುವ ಸಾಲುಗಳನ್ನು ಒಂದೊಂದಾಗಿ ಹೇಳಿ ಮುಗಿಸುತ್ತಾರೆ. ಅಮೆರಿಕದ ನಟರ ಸಂಘವಾದ ಸ್ಯಾಗ್-ಆಫ್ಟ್ರಾದ ಒಪ್ಪಂದದಂತೆ 4 ಗಂಟೆಗಳ ಒಂದು ಅವಧಿಯಲ್ಲಿ ಒಬ್ಬ ನಟನಿಂದ 3 ದನಿಗಳವರೆಗೆ ಪಡೆಯಬಹುದು. ಒಬ್ಬನೇ ಮೂವರು ಕಾವಲುಗಾರರಾಗಬೇಕಾದಾಗ ಅವರನ್ನು ಬೇರೆ ಬೇರೆಯಾಗಿ ಕೇಳಿಸಲು ತಟ್ಟನೆ ಕೈಗೆ ಸಿಗುವ ಉಪಾಯವೆಂದರೆ ಆಕ್ಸೆಂಟ್ ಬದಲಿಸುವುದು. ಇದು ನೆಪವಲ್ಲ, ಕೆಲಸ ನಡೆಯುವ ಬಗೆ.

ಇನ್ನು ಆ ಗಟ್ಟಿ ನಂಬಿಕೆಗೆ ಬರೋಣ. ಭಾರತೀಯ ಪಾತ್ರಕ್ಕೆ ಭಾರತೀಯ ಮೂಲದವರನ್ನು ಆರಿಸಿದರೆ ಆಕ್ಸೆಂಟ್ ತಾನಾಗಿಯೇ ನಿಜವಾಗುತ್ತದೆ ಎಂದು ಎಣಿಸುವವರು, ಆಕ್ಸೆಂಟ್ ರಕ್ತದಲ್ಲಿ ಹರಿದು ಬರುತ್ತದೆ ಎಂದು ಎಣಿಸಿದಂತಾಗುತ್ತದೆ. ಆಕ್ಸೆಂಟ್ ಬರುವುದು ಬೆಳೆದ ಊರಿನಿಂದ, ಜೊತೆಗೆ ಆಡಿದ ಮಕ್ಕಳಿಂದ, ಕಲಿತ ಶಾಲೆಯಿಂದ. 2016ರಲ್ಲಿ ಬಂದ ಓವರ್‌ವಾಚ್‌ನಲ್ಲಿ ಸಿಮೆಟ್ರಾ ಎಂಬ ಭಾರತೀಯ ವಾಸ್ತುಶಿಲ್ಪಿಯ ಪಾತ್ರವಿದೆ. ಅದಕ್ಕೆ ದನಿ ನೀಡಿದ ಅಂಜಲಿ ಭಿಮಾನಿ ಭಾರತೀಯ ಮೂಲದ ಅಮೆರಿಕನ್ ನಟಿ. ಅಮೆರಿಕದಲ್ಲೇ ಬೆಳೆದ ಅವರ ಸಹಜ ಮಾತು ಅಮೆರಿಕನ್ನರದು. ಸಿಮೆಟ್ರಾಳ ಆಕ್ಸೆಂಟನ್ನು ಅವರೂ ಪಾತ್ರಕ್ಕಾಗಿ ಧರಿಸಬೇಕಾಯಿತು. ಆ ಆಯ್ಕೆ ಒಳ್ಳೆಯದೇ ಎಂದು ನಾನು ನಂಬುತ್ತೇನೆ, ಆದರೆ ಅದರ ಒಳ್ಳೆಯತನ ಅವಕಾಶಕ್ಕೆ ಸಂಬಂಧಿಸಿದ್ದು, ಉಚ್ಚಾರಣೆಗಲ್ಲ. ಇಂಥ ಪಾತ್ರ ಯಾರಿಗೆ ಸಿಗಬೇಕು ಎಂಬುದು ಒಂದು ಪ್ರಶ್ನೆ, ಅದು ಹೇಗೆ ಮಾತಾಡಬೇಕು ಎಂಬುದು ಇನ್ನೊಂದು.

ಇವೆರಡು ಬೇರೆ ಬೇರೆ ಎಂಬುದಕ್ಕೆ ಕನ್ನಡಿಗರಿಗೆ ಹತ್ತಿರದ ಉದಾಹರಣೆಯೊಂದಿದೆ. 2017ರ ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿಯ ಕಥೆ ನಡೆಯುವುದು ಪಶ್ಚಿಮ ಘಟ್ಟಗಳಲ್ಲಿ, ಹೊಯ್ಸಳರು, ಹಳೇಬೀಡು, ಬೇಲೂರು ಎಲ್ಲವೂ ಅದರಲ್ಲಿ ಬರುತ್ತವೆ. ನಾಯಕಿ ಕ್ಲೋಯಿಯ ತಂದೆ ಭಾರತೀಯ. ಅವಳಿಗೆ ದನಿ ಕೊಟ್ಟ ಕ್ಲಾಡಿಯಾ ಬ್ಲ್ಯಾಕ್ ಆಸ್ಟ್ರೇಲಿಯಾದ ನಟಿ, ಭಾರತೀಯರಲ್ಲ. ಆದರೂ ಕ್ಲೋಯಿಯ ಆಕ್ಸೆಂಟ್ ನಟಿಯ ಸ್ವಂತದ್ದು. ಜೊತೆಗಾರ್ತಿ ನಡೀನ್ ದಕ್ಷಿಣ ಆಫ್ರಿಕಾದ ಕಪ್ಪು ಮಹಿಳೆ. ಅವಳಿಗೆ ದನಿ ಕೊಟ್ಟ ಲಾರಾ ಬೇಲಿ ಬಿಳಿಯ ಅಮೆರಿಕನ್ ನಟಿ. ಅಲ್ಲಿ ಆಕ್ಸೆಂಟೂ ಎರವಲಿನದು, ಆಯ್ಕೆಯ ಬಗ್ಗೆ ಟೀಕೆಯೂ ಬಂತು. ಖಳನಾಯಕ ಅಸಾವ್‌ಗೆ ದನಿಯಾದವರು ಪಾಕಿಸ್ತಾನಿ ಮೂಲದ ಉಸ್ಮಾನ್ ಅಲಿ. ಒಂದೇ ಗೇಮ್‌ನಲ್ಲಿ ಮೂರು ಬಗೆಯ ಹೊಂದಾಣಿಕೆಗಳಿರುವಾಗ ಎಲ್ಲಕ್ಕೂ ಒಂದೇ ಮದ್ದು ಹೇಗೆ ನಾಟೀತು?

ಒಂದು ವೇಳೆ ಇಲ್ಲಿಂದಲೇ ಒಬ್ಬ ಕಲಾವಿದನನ್ನು ಕರೆದುಕೊಂಡು ಹೋದರು ಎಂದೇ ಇಟ್ಟುಕೊಳ್ಳಿ. ಇಲ್ಲಿ ಎಂದರೆ ಎಲ್ಲಿಂದ? ಅಮೆರಿಕನ್ನರು ‘ಟ’ ಎನ್ನುವಾಗ ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದಿನ ವಸಡಿಗೆ ತಾಗುತ್ತದೆ. ನಾವು ಅದನ್ನು ಹಿಂದಕ್ಕೆ ಮಡಿಸಿ ಅಂಗುಳಕ್ಕೆ ತಾಗಿಸುತ್ತೇವೆ. ಸ್ಟುಡಿಯೋಗಳ ಹುಸಿ ಭಾರತೀಯ ಆಕ್ಸೆಂಟ್ ಈ ಟಕಾರವೊಂದನ್ನು ಹಿಡಿದುಕೊಂಡು, ವಾಕ್ಯವನ್ನು ಹಾಡಿನಂತೆ ಏರಿಳಿಸಿ, ಭಾರತ ಮುಗಿಯಿತು ಎನ್ನುತ್ತದೆ. ಆದರೆ ಹಿಂದಿ ಸೀಮೆಯ ಹಲವರ ಬಾಯಲ್ಲಿ ಶಾಲೆ ‘ಇಸ್ಕೂಲ್’, ಪಂಜಾಬಿಗಳ ಬಾಯಲ್ಲಿ ‘ಸಕೂಲ್’, ನಮ್ಮ ಬಾಯಲ್ಲಿ ‘ಸ್ಕೂಲು’. ಮೊಟ್ಟೆಯ ಇಂಗ್ಲಿಷ್ ಹೆಸರು ನಮ್ಮಲ್ಲಿ ಅನೇಕರಿಗೆ ‘ಯೆಗ್ಗು’ ಆಗುತ್ತದೆ. ಹಾಸನದ ಒಬ್ಬರು ತಮ್ಮ ಸಹಜ ಇಂಗ್ಲಿಷಿನಲ್ಲಿ ಮಾತಾಡಿದರೆ ಅದು ಆ ಸಿದ್ಧ ಅಚ್ಚಿಗೆ ಹೊಂದುವುದೇ ಇಲ್ಲ. ಆಗ ನಿರ್ದೇಶಕರು ಅಚ್ಚನ್ನು ಬದಲಿಸುವುದಿಲ್ಲ, ಇನ್ನೂ ಸ್ವಲ್ಪ ಗಾಢವಾಗಿ ಹೇಳಿ ಎನ್ನುತ್ತಾರೆ. ಸಿನಿಮಾ, ಟಿವಿ ಆಯ್ಕೆಗಳಲ್ಲಿ ಹೀಗೆ ಕೇಳಿಸಿಕೊಂಡದ್ದನ್ನು ಭಾರತೀಯ ಮೂಲದ ಹಲವು ಅಮೆರಿಕನ್ ನಟರು ಬಹಿರಂಗವಾಗಿಯೇ ಹೇಳಿದ್ದಾರೆ.

ರಾಷ್ಟ್ರೀಯ ಪಡಿಯಚ್ಚು ಹುಟ್ಟುವುದಂತೂ ಮೈಕಿಗಿಂತ ಬಹಳ ಮೊದಲು, ಬರಹದಲ್ಲಿ ಮತ್ತು ಚಿತ್ರದಲ್ಲಿ. 1991ರ ಸ್ಟ್ರೀಟ್ ಫೈಟರ್ 2ರ ಧಾಲ್ಸಿಮ್‌ನನ್ನು ನೆನಪಿಸಿಕೊಳ್ಳಿ: ಕೊರಳಲ್ಲಿ ತಲೆಬುರುಡೆಗಳ ಮಾಲೆ, ರಬ್ಬರಿನಂತೆ ಚಾಚುವ ಕೈಕಾಲು, ಬಾಯಿಂದ ಬೆಂಕಿ, ಬೆನ್ನ ಹಿಂದೆ ಸಾಲಾಗಿ ಆನೆಗಳು. ಆ ‘ಯೋಗ ಫೈರ್’ ಎಂಬ ಕೂಗನ್ನು ನಮ್ಮ ರಂಗಭೂಮಿಯ ಅತ್ಯುತ್ತಮ ನಟರಿಂದ ಹೇಳಿಸಿದರೂ ಆ ಪಾತ್ರದ ಒಂದು ಬುರುಡೆಯೂ ಉದುರುವುದಿಲ್ಲ. ಇತ್ತ ಮಾರಿಯೋನನ್ನು ನೋಡಿ. ಸೂಪರ್ ಮಾರಿಯೋ 64ರಲ್ಲಿಯೂ, ಅದರ ನಂತರ 2023ರವರೆಗೂ ಅವನಿಗೆ ದನಿಯಾದ ಚಾರ್ಲ್ಸ್ ಮಾರ್ಟಿನೆ ಕ್ಯಾಲಿಫೋರ್ನಿಯಾದವರು. ಆ ಇಟಾಲಿಯನ್ ಆಕ್ಸೆಂಟ್ ಪೂರ್ತಿ ಹುಸಿ. ಆದರೆ ಮಾರಿಯೋ ಧೈರ್ಯವಂತ, ಸಂತೋಷದ ಜೀವಿ, ಕಥೆಯ ನಡುಮಧ್ಯದಲ್ಲಿರುವವನು. ಹುಸಿ ಆಕ್ಸೆಂಟ್ ತಾನೇ ಅವಮಾನವಲ್ಲ. ಆ ದೇಶದವರಿಗೆ ಕಥೆಯಲ್ಲಿ ಬೇರೆ ಯಾವ ಗುಣವನ್ನೂ ಕೊಡದೆ, ಆಕ್ಸೆಂಟನ್ನೇ ಗುಣವಾಗಿಸಿದಾಗ ಅದು ಅವಮಾನ.

ಯಾರೂ ಕೇಳದಿದ್ದರೂ ಇಲ್ಲಿ ಇನ್ನೊಂದು ಪ್ರಶ್ನೆ ನನ್ನನ್ನು ಎಳೆಯುತ್ತದೆ, ಏಕೆಂದರೆ ನನ್ನ ಮಟ್ಟಿಗೆ ಅದೇ ಹೆಚ್ಚು ಕುತೂಹಲದ್ದು: ಪಾತ್ರಗಳು ತಮ್ಮತಮ್ಮಲ್ಲೇ ಮಾತಾಡುವಾಗ ಆಕ್ಸೆಂಟ್ ಏಕೆ ಬೇಕು? ನಮ್ಮ ಹಳೆಯ ಸಿನಿಮಾಗಳ ಮಾರ್ವಾಡಿ ಸೇಠ್ ತೊದಲುಗನ್ನಡ ಆಡುವುದಕ್ಕೆ ಕಥೆಯೊಳಗೇ ಕಾರಣವಿದೆ, ಅವನು ಕನ್ನಡಿಗರೊಡನೆ ಕನ್ನಡದಲ್ಲೇ ವ್ಯವಹರಿಸುತ್ತಿದ್ದಾನೆ. 2010ರ ಮೆಟ್ರೋ 2033ರಲ್ಲಿ ಅಂಥ ಕಾರಣವೇ ಇಲ್ಲ. ಅಣುಯುದ್ಧದ ನಂತರ ಮಾಸ್ಕೋದ ಮೆಟ್ರೋ ಸುರಂಗಗಳಲ್ಲಿ ಬದುಕುಳಿದವರು ಪರಸ್ಪರ ರಷ್ಯನ್ನಿನಲ್ಲೇ ಮಾತಾಡುತ್ತಿದ್ದಾರೆ, ನಾವು ಅದನ್ನು ಇಂಗ್ಲಿಷಿನಲ್ಲಿ ಕೇಳುತ್ತಿದ್ದೇವೆ ಅಷ್ಟೆ. ಒಬ್ಬರಿಗೊಬ್ಬರು ಪರಕೀಯರಲ್ಲದವರ ಬಾಯಲ್ಲಿ ಪರಕೀಯರ ಇಂಗ್ಲಿಷ್ ಇಟ್ಟರೆ, ಆ ಲೋಕವನ್ನು ನಾವು ಹೊರಗಿನಿಂದಲೇ ನೋಡುವಂತಾಗುತ್ತದೆ. ತಮಾಷೆಯೆಂದರೆ ಇದಕ್ಕೆ ವಿರುದ್ಧವಾದ ದಾರಿಗೂ ಆಕ್ಷೇಪ ಬಂದಿದೆ: ಫ್ರೆಂಚ್ ಕಂಪನಿ ಯೂಬಿಸಾಫ್ಟ್ 2014ರ ಅಸ್ಯಾಸಿನ್ಸ್ ಕ್ರೀಡ್ ಯೂನಿಟಿಯಲ್ಲಿ ಕ್ರಾಂತಿಕಾಲದ ಪ್ಯಾರಿಸ್ ಜನರಿಂದ ಬ್ರಿಟಿಷ್ ಇಂಗ್ಲಿಷ್ ಆಡಿಸಿದಾಗ, ಫ್ರೆಂಚರು ಹೀಗೆ ಮಾತಾಡುವುದಿಲ್ಲವಲ್ಲ ಎಂದು ಆಟಗಾರರು ಗೊಣಗಿದರು. ಹೌದು, ಫ್ರೆಂಚರು ಫ್ರೆಂಚ್ ಮಾತಾಡುತ್ತಿದ್ದರು! ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಯೂನಿಟಿಯ ದಾರಿಯನ್ನೇ ಆರಿಸುತ್ತೇನೆ, ಏಕೆಂದರೆ ಅಲ್ಲಿ ಬಡವ, ಸಿರಿವಂತ, ಪಾದ್ರಿ, ಸೈನಿಕರ ನಡುವಿನ ವ್ಯತ್ಯಾಸವನ್ನು ಒಂದೇ ಭಾಷೆಯ ಒಳಭೇದಗಳಲ್ಲಿ ತೋರಿಸಲು ಜಾಗ ಉಳಿಯುತ್ತದೆ.

ಮೂರನೆಯ ದಾರಿ ಸೆಟ್ಟಿಂಗ್ಸ್‌ನಲ್ಲೇ ಇದೆ. ಮೆಟ್ರೋ ಸರಣಿಯಲ್ಲಿ ರಷ್ಯನ್ ದನಿಯನ್ನು, ಯೂನಿಟಿಯಲ್ಲಿ ಫ್ರೆಂಚ್ ದನಿಯನ್ನು ಆರಿಸಿ, ಸಬ್‌ಟೈಟಲ್ ಹಾಕಿಕೊಂಡು ಆಡಬಹುದು. ಗುಂಡು ಹಾರುತ್ತಿರುವಾಗ ಸಾಲುಗಳನ್ನು ಓದುವುದು ಕಷ್ಟ, ಹಿನ್ನೆಲೆಯ ಹರಟೆ ಒಂದಷ್ಟು ಕೈತಪ್ಪುತ್ತದೆ. ಆದರೂ ಒಂದು ಅಧ್ಯಾಯವನ್ನಾದರೂ ಹಾಗೆ ಆಡಿ ನೋಡಿದ ಮೇಲೆ ಮುಂದಿನ ಪ್ರಶ್ನೆ ಕಳುಹಿಸಿ ಎಂದು ಕೇಳಿಕೊಳ್ಳುತ್ತೇನೆ.