ಫಾರಂನಲ್ಲಿ ‘ಕನ್ನಡ’ ಎಂದು ಬರೆಯಬೇಕೇ, ಬೇಡವೇ?

ಪ್ರಶ್ನೆ: ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದೇವೆ. ಮಗಳನ್ನು ಎರಡನೇ ಗ್ರೇಡ್‌ಗೆ ಸೇರಿಸಬೇಕು. ಮನೆಮಾತಿನ ಫಾರಂನಲ್ಲಿ ಕನ್ನಡ ಎಂದರೆ ಟೆಸ್ಟು, ಬೇರೆ ಕ್ಲಾಸು ಅಂತೆಲ್ಲ ಆಗುತ್ತದಂತೆ. ಇಂಗ್ಲಿಷ್ ಅಂತಲೇ ಬರೆದುಬಿಡಿ ಅನ್ನುತ್ತಾರೆ ಪರಿಚಯದವರು. ಏನು ಮಾಡೋಣ?

ಉತ್ತರ: ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಫಾರಂ ಕೇಳುವುದು ನಾಲ್ಕೇ: ಮಗು ಮೊದಲು ಕಲಿತ ಮಾತು, ಮನೆಯಲ್ಲಿ ಹೆಚ್ಚಾಗಿ ಆಡುವ ಮಾತು, ನೀವು ಅವಳ ಜೊತೆ ಆಡುವ ಮಾತು, ದೊಡ್ಡವರು ಆಡುವ ಮಾತು. ಮೊದಲ ಮೂರರಲ್ಲಿ ಯಾವುದಾದರೂ ಒಂದಕ್ಕೆ ಕನ್ನಡ ಎಂದು ಬಂದರೆ, ಸೇರಿದ 30 ದಿನದೊಳಗೆ ‘ಇನಿಷಿಯಲ್ ಎಲ್ಪ್ಯಾಕ್’ ಎಂಬ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಇಂಗ್ಲಿಷ್ ಸಾಕಷ್ಟಿದ್ದರೆ ಅಲ್ಲಿಗೆ ಮುಗಿಯಿತು. ಸಾಲದಿದ್ದರೆ ಶಾಲೆಯ ಹೊತ್ತಿನಲ್ಲೇ ಇಂಗ್ಲಿಷ್‌ಗೆಂದು ಪ್ರತ್ಯೇಕ ಪಾಠ. ಉಳಿದದ್ದೆಲ್ಲ ಎಲ್ಲರ ಜೊತೆಗೇ. ಇದು ಶಿಕ್ಷೆಯಲ್ಲ. ಭಾಷೆ ತಿಳಿಯದ ಮಗುವಿಗೂ ಅದೇ ಪುಸ್ತಕ, ಅದೇ ಟೀಚರ್ ಕೊಟ್ಟ ಮಾತ್ರಕ್ಕೆ ಸಮಾನತೆ ಆಗದು ಎಂದು 1974ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮಕ್ಕಳ ‘ಲಾವ್ ವಿರುದ್ಧ ನಿಕೋಲ್ಸ್’ ಮೊಕದ್ದಮೆಯಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಸುಳ್ಳು ಬರೆದರೆ ಕೈತಪ್ಪುವುದು ಈ ನೆರವೇ.

ನಿಜವಾದ ತೊಡಕು ಫಾರಂನದಲ್ಲ, ತರಗತಿಯದು. ನಮ್ಮ ಇಂಗ್ಲಿಷ್ ಮೀಡಿಯಂ ಮಗು ಪುಸ್ತಕವನ್ನು ಗಟ್ಟಿಯಾಗಿ, ಸರಾಗವಾಗಿ ಓದಿಬಿಡುತ್ತದೆ. ಟೀಚರ್‌ಗೆ ಎಲ್ಲ ತಿಳಿದಿದೆ ಅನ್ನಿಸುತ್ತದೆ. ಅಲ್ಲಿನ ಮಾತಿನ ವೇಗಕ್ಕೆ ಮಾತ್ರ ಅದರ ಕಿವಿ ಇನ್ನೂ ಒಗ್ಗಿರುವುದಿಲ್ಲ. ‘ಅರ್ಥವಾಯ್ತಾ?’ ಎಂದರೆ ತಲೆಯನ್ನು ಅತ್ತಿತ್ತ ಓಲಾಡಿಸುತ್ತದೆ; ನಮಗದು ‘ಹೂಂ’, ಅವರಿಗೆ ‘ಇಲ್ಲ’ ಅನ್ನಿಸಬಹುದು. ಇವೆರಡನ್ನೂ ಮೊದಲ ವಾರವೇ ಟೀಚರ್‌ಗೆ ತಿಳಿಸಿ. ಅರ್ಥವಾಯ್ತೇ ಎಂದು ಕೇಳುವ ಬದಲು ‘ಮಾಡಿ ತೋರಿಸು’ ಅನ್ನಲಿ, ಉತ್ತರಕ್ಕೆ ಐದಾರು ಸೆಕೆಂಡ್ ಕಾಯಲಿ. ದಿನದ ವೇಳಾಪಟ್ಟಿ ಚಿತ್ರದಲ್ಲಿದ್ದರೆ ಇನ್ನೂ ಒಳ್ಳೆಯದು. ಪಕ್ಕದಲ್ಲಿ ಕನ್ನಡದ ಮಗುವಿದ್ದರೆ ಮೊದಲ ಕೆಲವು ದಿನಕ್ಕೆ ಸೊಗಸು. ಆಮೇಲೂ ಅದೇ ಎಲ್ಲವನ್ನೂ ಅನುವಾದಿಸುತ್ತಿದ್ದರೆ ನಿಮ್ಮವಳು ಇಂಗ್ಲಿಷ್‌ಗೆ ಕಿವಿಗೊಡುವುದನ್ನೇ ಬಿಡುತ್ತಾಳೆ.

ಮೊದಲ ದಿನಕ್ಕೇ ಬೇಕಾದ ಮಾತುಗಳು: ಬಾತ್‌ರೂಮ್ (ಟಾಯ್ಲೆಟ್ ಅಲ್ಲ), ಇರೇಸರ್ (ರಬ್ಬರ್ ಅಲ್ಲ), ನೀರು, ಹೊಟ್ಟೆನೋವು, ‘ನನಗೆ ತಿಳಿಯಲಿಲ್ಲ’. ಚಿತ್ರದ ಚೀಟಿ ಮಾಡಿ ಡೆಸ್ಕಿನ ಮೇಲೆ ಅಂಟಿಸಿದರೆ ಬೆರಳಿಟ್ಟು ತೋರಿಸಿದರೂ ಕೆಲಸ ನಡೆಯುತ್ತದೆ. ಊಟದ ಸಾಲಿನಲ್ಲಿ ವಿದ್ಯಾರ್ಥಿ ನಂಬರ್ ಒತ್ತಬೇಕಾಗುವ ಶಾಲೆಯಾದರೆ ಅದನ್ನೂ ಬಾಯಿಪಾಠ ಮಾಡಿಸಿ.

ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ, ಅವಳು ತರಗತಿಯಲ್ಲಿ ಬಾಯಿ ಬಿಡದೆ ಇರಬಹುದು. ಮನೆಯಲ್ಲಿ ಕನ್ನಡದಲ್ಲಿ ಪಟಪಟ ಮಾತಾಡುತ್ತಿದ್ದರೆ ಗಾಬರಿ ಬೇಡ. ಕನ್ನಡದಲ್ಲೂ ಮಾತು ಹಿಂದಿದ್ದರೆ ಮಾತ್ರ ಶ್ರವಣ ಪರೀಕ್ಷೆ ಮಾಡಿಸಿ, ಶಾಲೆಯ ಸ್ಪೀಚ್ ಥೆರಪಿಸ್ಟ್ ಜೊತೆ ಮಾತಾಡಿ.

ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ. ಮುಂದಿನ ವಾರದ ಪಾಠ ಯಾವುದೆಂದು ಟೀಚರ್‌ರನ್ನು ಕೇಳಿಕೊಂಡು, ಭಾನುವಾರ ಹತ್ತು ನಿಮಿಷ ಕನ್ನಡದಲ್ಲೇ ಹೇಳಿಕೊಡಿ: ಭಿನ್ನರಾಶಿಯಾದರೆ ಚಪಾತಿ ತುಂಡು ಮಾಡಿ ತೋರಿಸಿ. ಸೋಮವಾರ ಅವಳು ಕಲಿಯಬೇಕಾದದ್ದು ಇಂಗ್ಲಿಷ್ ಹೆಸರು ಮಾತ್ರ.

ಟೀಚರ್ ಜೊತೆಗಿನ ಭೇಟಿಗೆ ನಿಮಗೇ ಇಂಗ್ಲಿಷ್ ಕಷ್ಟವೆನಿಸಿದರೆ ಶಾಲೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಮೊದಲೇ ತಿಳಿಸಿಡಿ, ಕನ್ನಡದವರು ತಟ್ಟನೆ ಸಿಗುವುದಿಲ್ಲ.